ಹಿಡಿದು ಬಿಡುವ ಮೀನಿನ ಲೆಕ್ಕ

ನಮ್ಮ ಪಶ್ಚಿಮಘಟ್ಟದ ಕಾಡುಕೋಳಿ ಗೊತ್ತಲ್ವಾ? ಕೊಡಗು, ಮಲೆನಾಡು ಕಡೆ ಬೆಳಗಿನ ಜಾವ ರಸ್ತೆ ದಾಟಿ ಪೊದೆಯೊಳಗೆ ಓಡಿಹೋಗೋ ಬೂದು ಬಣ್ಣದ ಹುಂಜ. ಅದರ ಕತ್ತಿನ ಗರಿಗಳ ಮೇಲೆ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಮೇಣದ ಹನಿ ಬಿದ್ದು ಒಣಗಿದ ಹಾಗೆ ಹೊಳೆಯುತ್ತವೆ. ಊರಲ್ಲಿದ್ದಾಗ ನಾನು ಅದನ್ನ ಹತ್ತಿರದಿಂದ ನೋಡಿರಲಿಲ್ಲ. ನೋಡಿದ್ದು ಅಮೆರಿಕದ ಮೇನ್ ರಾಜ್ಯದಲ್ಲಿ, ರೇಂಜ್‌ಲಿ ಸರೋವರಗಳ ಪಕ್ಕದ ಆಕ್ವೋಸಕ್ ಅನ್ನೋ ಪುಟ್ಟ ಊರಿನ ಮ್ಯೂಸಿಯಂನಲ್ಲಿ. ಗಾಜಿನ ಹಿಂದೆ, ಒಂದು ಮೀನಿನ ಕೊಕ್ಕೆಗೆ ಕಟ್ಟಿದ್ದರು.

ಆ ಕೊಕ್ಕೆಯ ಹೆಸರು ಗ್ರೇ ಗೋಸ್ಟ್. ಕಟ್ಟಿದವರು ಕ್ಯಾರಿ ಸ್ಟೀವನ್ಸ್ ಅನ್ನೋ ಹೆಂಗಸು. ಟೋಪಿ ಹೊಲಿಯೋದು ಅವರ ಕಸುಬು, ಹಾಗಾಗಿ ಗರಿ, ದಾರ, ರೇಷ್ಮೆ ಎಲ್ಲ ಕೈಗೆ ಪಳಗಿತ್ತು. 1924ರ ಜುಲೈ ತಿಂಗಳಲ್ಲಿ ಅಪ್ಪರ್ ಡ್ಯಾಮ್ ಅನ್ನೋ ಜಾಗದಲ್ಲಿ ತಾವೇ ಕಟ್ಟಿದ ಕೊಕ್ಕೆಯಿಂದ ಮೂರು ಕೆಜಿಗೂ ಸ್ವಲ್ಪ ಜಾಸ್ತಿ ತೂಕದ ಬ್ರೂಕ್ ಟ್ರೌಟ್ ಹಿಡಿದರು. ಒಂದು ದೊಡ್ಡ ಪತ್ರಿಕೆಯ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಟೋಪಿ ಅಂಗಡಿ ಹಿಂದೆ ಉಳಿಯಿತು, ಕೊಕ್ಕೆ ಕಟ್ಟೋದೇ ಉದ್ಯೋಗ ಆಯ್ತು. ಅವರ ಗ್ರೇ ಗೋಸ್ಟ್‌ಗೆ ಎರಡೂ ಕಡೆ ಕೆನ್ನೆಯ ಹಾಗೆ ಕೂರಿಸಿದ್ದು ನಮ್ಮ ಕಾಡುಕೋಳಿಯ ಗರಿ. ನೀರೊಳಗೆ ಅದು ಚಿಕ್ಕ ಮೀನಿನ ಕಣ್ಣಿನ ಹಾಗೆ ಕಾಣಿಸುತ್ತೆ.

ಈ ಗರಿಗಾಗಿ ಕಾಡುಕೋಳಿಗಳನ್ನ ಕೊಂದು ವಿದೇಶಕ್ಕೆ ಕಳಿಸುತ್ತಿದ್ದ ಕಾಲ ಇತ್ತು. ಈಗ ಆ ರಫ್ತು ಇಲ್ಲ. ಇಲ್ಲಿನವರು ಸಾಕಿದ ಹಕ್ಕಿಯ ಗರಿ ಬಳಸುತ್ತಾರೆ, ಇಲ್ಲದಿದ್ದರೆ ನಕಲಿ ಗರಿ. ಮೀನಿಗೆ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗೋದು ಮನುಷ್ಯರಿಗೆ ಮಾತ್ರ, ಅವರು ಅದಕ್ಕೆ ಜಾಸ್ತಿ ದುಡ್ಡು ಕೊಡ್ತಾರೆ.

ನಾನಿರೋದು ಬಾಸ್ಟನ್ ಹತ್ತಿರ. ಕೆಲಸ ಎಂದಿನ ಹಾಗೆ, ಕೋಡ್ ಬರೆಯೋದು, ರಾತ್ರಿ ಆನ್-ಕಾಲ್ ಫೋನ್ ಬಂದರೆ ಎದ್ದು ಲಾಗ್ ನೋಡೋದು. ಮೂರು ವರ್ಷದಿಂದ ಸೆಪ್ಟೆಂಬರ್ ಕೊನೆಯ ವಾರ ರಜೆ ಹಾಕಿ ನಾಲ್ಕು ಗಂಟೆ ಡ್ರೈವ್ ಮಾಡಿ ಈ ಸರೋವರಗಳ ಕಡೆ ಹೋಗ್ತೀನಿ. ಕಲಿಸಿದ್ದು ಟೀಮಿನಲ್ಲಿದ್ದ ಒಬ್ಬ ಹಿರಿಯ ಸಹೋದ್ಯೋಗಿ, ಮೇನ್‌ನವನೇ. ಹಿಡಿದ ಮೀನನ್ನೆಲ್ಲ ವಾಪಸ್ ಬಿಡ್ತೀನಿ.

ಇದನ್ನ ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಬಿಡೋದಾದ್ರೆ ಹಿಡಿಯೋದ್ಯಾಕೋ?" ಆಮೇಲೆ, "ನಾವು ಶೃಂಗೇರಿಗೆ ಹೋದ್ರೆ ಮೀನಿಗೆ ಮಂಡಕ್ಕಿ ಹಾಕೋ ಜನ, ನೀನು ಕೊಕ್ಕೆ ಹಾಕ್ತಿದೀಯ" ಅಂತ ಇನ್ನೊಂದು ಏಟು. ತಿನ್ನೋಕೆ ಹಿಡಿದರೆ ಅವಳಿಗೆ ಅರ್ಥ ಆಗುತ್ತೆ. ನಮ್ಮ ಪಕ್ಕದ ಮನೆಯವರು ಮಳೆಗಾಲದಲ್ಲಿ ಹತ್ತುಮೀನು ಹಿಡೀತಿದ್ದರು, ಅದರ ಬಗ್ಗೆ ಅವಳ ತಕರಾರು ಇರಲಿಲ್ಲ. ತಿನ್ನದೆ, ಬರೀ ಖುಷಿಗೆ, ಒಂದು ಜೀವದ ಬಾಯಿಗೆ ಕೊಕ್ಕೆ ಸಿಕ್ಕಿಸೋದು ಯಾವ ನ್ಯಾಯ ಅನ್ನೋದು ಅವಳ ಮಾತು. ಸುಲಭಕ್ಕೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ಈ ಸಲದ ಅಂಕಣ ಅದರ ಸುತ್ತ.

ಮೊದಲು ಫ್ಲೈ ಫಿಶಿಂಗ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ನಮ್ಮ ಮಾಮೂಲಿ ಗಾಳದಲ್ಲಿ ಎರೆಹುಳು ಚುಚ್ಚಿ, ಸೀಸದ ಗುಂಡು ಕಟ್ಟಿ, ಆ ತೂಕದಿಂದ ದಾರ ಎಸೀತೀವಿ. ಇಲ್ಲಿ ಕೊಕ್ಕೆಗೆ ತೂಕವೇ ಇಲ್ಲ. ಗರಿ, ಕೂದಲು, ದಾರ ಸುತ್ತಿದ ಹಗುರ ವಸ್ತು ಅದು, ಊದಿದರೆ ಹಾರಿಹೋಗುತ್ತೆ. ತೂಕ ಇರೋದು ದಾರದಲ್ಲಿ. ದಪ್ಪ ದಾರವನ್ನ ಕೋಲಿನಿಂದ ತಲೆಯ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳೋ ತನಕ ಒಂದು ಕ್ಷಣ ಕಾದು, ಮುಂದಕ್ಕೆ ತಳ್ಳಬೇಕು. ಆ ಒಂದು ಕ್ಷಣ ಕಾಯೋದೇ ಕಷ್ಟ. ಆತುರ ಮಾಡಿದರೆ ಕೊಕ್ಕೆ ಟೋಪಿಗೆ ಬಂದು ಚುಚ್ಚುತ್ತೆ. ಇದರ ಸುತ್ತ ದೊಡ್ಡ ಮಾರುಕಟ್ಟೆಯೂ ಇದೆ. ಸಾವಿರ ಡಾಲರ್ ಕೋಲು, ನೂರು ಜೇಬಿನ ಜಾಕೆಟ್, ಸೂರ್ಯಾಸ್ತದಲ್ಲಿ ದಾರ ಬೀಸೋ ರೀಲ್ಸ್. ಅದನ್ನೆಲ್ಲ ಬಿಡಿ. ಒಂದು ಹಳೇ ಕೋಲು, ಬಾಡಿಗೆ ದೋಣಿ ಇದ್ದರೆ ಸಾಕು.

ಶರತ್ಕಾಲವೇ ಯಾಕೆ ಅನ್ನೋದಕ್ಕೆ ಸರೋವರದ ಒಳಗೆ ಏನಾಗುತ್ತೆ ಅಂತ ನೋಡಬೇಕು. ನನಗೆ ಇಡೀ ವಿಷಯದಲ್ಲಿ ಹೆಚ್ಚು ಇಷ್ಟವಾದ ಭಾಗ ಇದು.

ಬೇಸಿಗೆಯಲ್ಲಿ ಇಂಥ ಆಳದ ಸರೋವರದ ನೀರು ಪದರ ಪದರವಾಗಿ ನಿಲ್ಲುತ್ತೆ. ಮೇಲೆ ಬಿಸಿ ನೀರು, ಹಗುರ. ಕೆಳಗೆ ತಣ್ಣೀರು, ಭಾರ. ಎರಡೂ ಬೆರೆಯಲ್ಲ. ಬ್ರೂಕ್ ಟ್ರೌಟ್ ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಹಾಗಾಗಿ ಕೆಳಗಿಳಿಯುತ್ತೆ. ಆದರೆ ತಳದ ನೀರಿಗೆ ಗಾಳಿಯ ಸಂಪರ್ಕ ಇಲ್ಲ. ಕೊಳೆಯೋ ಎಲೆ, ಕಸ ಎಲ್ಲ ಅಲ್ಲಿನ ಆಮ್ಲಜನಕವನ್ನ ತಿಂದು ಮುಗಿಸುತ್ತಾ ಹೋಗುತ್ತವೆ. ಮೇಲೆ ಹೋದರೆ ಬಿಸಿ, ಕೆಳಗೆ ಹೋದರೆ ಉಸಿರಿಲ್ಲ. ನಡುವಿನ ಒಂದು ತೆಳು ಪದರದಲ್ಲಿ ಮೀನು ಬೇಸಿಗೆ ಕಳೆಯುತ್ತೆ. ಬೇಸಿಗೆ ಉದ್ದವಾದಷ್ಟೂ, ಬಿಸಿ ಜಾಸ್ತಿಯಾದಷ್ಟೂ ಆ ಪದರ ತೆಳುವಾಗುತ್ತೆ. ಹವಾಮಾನ ಬದಲಾವಣೆ ಅಂತ ನಾವು ದೊಡ್ಡದಾಗಿ ಮಾತಾಡೋದು ಈ ಮೀನಿನ ಪಾಲಿಗೆ ಕೆಲವೇ ಅಡಿ ನೀರಿನ ಪ್ರಶ್ನೆ.

ಸೆಪ್ಟೆಂಬರ್ ಬಂದ ಮೇಲೆ ರಾತ್ರಿ ಚಳಿ ಶುರು. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತೆ. ಪದರಗಳು ಒಡೀತವೆ. ಒಂದು ಜೋರು ಗಾಳಿ ಬೀಸಿದರೆ ಇಡೀ ಸರೋವರ ಮಗುಚಿದ ಹಾಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ತಳಕ್ಕೆ ಮತ್ತೆ ಉಸಿರು ಸಿಗುತ್ತೆ. ಮೂರು ತಿಂಗಳು ಸೆರೆಯಲ್ಲಿದ್ದ ಟ್ರೌಟ್ ಎಲ್ಲೆಂದರಲ್ಲಿ ಓಡಾಡೋಕೆ ಶುರು ಮಾಡುತ್ತೆ, ದಡದ ಹತ್ತಿರಕ್ಕೂ ಬರುತ್ತೆ. ದಡದಲ್ಲಿ ಮೇಪಲ್ ಮರಗಳು ಕುಂಕುಮ ಬಣ್ಣಕ್ಕೆ ತಿರುಗಿರುತ್ತವೆ. ಗಂಡು ಮೀನಿನ ಹೊಟ್ಟೆಯೂ ಹೆಚ್ಚುಕಡಿಮೆ ಅದೇ ಬಣ್ಣ. ಬೆನ್ನ ಮೇಲೆ ಹುಳ ತಿಂದ ಎಲೆಯ ಹಾಗೆ ಗೆರೆ, ಪಕ್ಕದಲ್ಲಿ ನೀಲಿ ವರ್ತುಲದೊಳಗೆ ಕೆಂಪು ಚುಕ್ಕೆ, ಕೆಳಗಿನ ರೆಕ್ಕೆಗಳ ಅಂಚಿಗೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ. ಒಂದು ಸಲ ನೋಡಿದರೆ ಮರೆಯಲ್ಲ.

ಆ ಬಣ್ಣ ಬರೋದು ಮೊಟ್ಟೆ ಇಡೋ ಕಾಲಕ್ಕೆ. ಹಿಡಿಯೋಕೆ ಸುಲಭವಾಗೋ ಕಾಲವೂ ಮುಟ್ಟಬಾರದ ಕಾಲವೂ ಪಕ್ಕಪಕ್ಕದಲ್ಲೇ ಇವೆ. ಅಕ್ಟೋಬರ್ ಹೊತ್ತಿಗೆ ಟ್ರೌಟ್‌ಗಳು ತಳದಿಂದ ಒಸರು ನೀರು ಬರೋ ಜಲ್ಲಿಕಲ್ಲಿನ ಜಾಗ ಹುಡುಕಿ, ಹೆಣ್ಣು ಬಾಲದಿಂದ ಗುಂಡಿ ತೋಡಿ ಮೊಟ್ಟೆ ಇಡುತ್ತೆ. ಚಳಿಗಾಲ ಪೂರ್ತಿ, ಮೇಲೆ ಮಂಜುಗಡ್ಡೆ ಕಟ್ಟಿದಾಗಲೂ, ಆ ಒಸರು ನೀರು ಮೊಟ್ಟೆಗಳನ್ನ ಕಾಯುತ್ತೆ. ಅದಕ್ಕೇ ಮೇನ್‌ನ ಉತ್ತರ ಭಾಗದ ಹೆಚ್ಚಿನ ಸರೋವರಗಳಲ್ಲಿ ಸೆಪ್ಟೆಂಬರ್ 30ಕ್ಕೆ ಸೀಸನ್ ಬಂದ್. ದಕ್ಷಿಣದ ಕೆಲವು ಕಡೆ ಆಮೇಲೂ ಹಿಡಿಯಬಹುದು, ಆದರೆ ಹುಳು, ಜೀವಂತ ಮೀನು ಬಳಸೋ ಹಾಗಿಲ್ಲ, ಸಿಕ್ಕ ಟ್ರೌಟನ್ನ ಅಲ್ಲೇ ಬಿಡಬೇಕು. ಅವಕಾಶ ಇದ್ದರೂ ನಾನು ಅಕ್ಟೋಬರ್‌ನಲ್ಲಿ ಟ್ರೌಟ್‌ಗೆ ಗಾಳ ಹಾಕಲ್ಲ. ಬಾಣಂತಿ ಮನೆಗೆ ಹೋಗಿ ಗಲಾಟೆ ಮಾಡಿದ ಹಾಗೆ ಅನಿಸುತ್ತೆ.

ಈಗ ಕಥೆಯ ಬೇಸರದ ಭಾಗ.

ಇದೇ ರೇಂಜ್‌ಲಿ ಸರೋವರಗಳಲ್ಲಿ ಬ್ಲೂಬ್ಯಾಕ್ ಅನ್ನೋ ಇನ್ನೊಂದು ಮೀನಿತ್ತು. ಬ್ರೂಕ್ ಟ್ರೌಟಿನ ದಾಯಾದಿ, ಶೀತಪ್ರದೇಶದ ಆರ್ಕ್ಟಿಕ್ ಚಾರ್ ಜಾತಿ. ಹಿಮಯುಗ ಮುಗಿದು ಹಿಮನದಿಗಳು ಹಿಂದೆ ಸರಿದಾಗ ಈ ಸರೋವರಗಳಲ್ಲಿ ಉಳಿದುಕೊಂಡದ್ದು. ಗೇಣುದ್ದ ಇರುತ್ತಿತ್ತು. ವರ್ಷವೆಲ್ಲ ಆಳದಲ್ಲಿ, ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಅಕ್ಟೋಬರ್ ಬಂತು ಅಂದ್ರೆ ಮೊಟ್ಟೆ ಇಡೋಕೆ ಹಿಂಡು ಹಿಂಡಾಗಿ ಹೊಳೆಗೆ ಹತ್ತುತ್ತಿದ್ದವು. ಜನ ಬಲೆ ಹಾಕಿ ಪೀಪಾಯಿಗಟ್ಟಲೆ ತುಂಬಿಕೊಳ್ಳುತ್ತಿದ್ದರು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಗೆ ಗದ್ದೆ ಬದುವಿಗೆ ಕೂಣಿ ಕಟ್ಟಿ ಹತ್ತುಮೀನು ಹಿಡಿಯೋ ಹಾಗೇ, ಇಲ್ಲಿ ಮಳೆಯ ಬದಲು ಚಳಿ.

ಆದರೆ ಬ್ಲೂಬ್ಯಾಕ್ ಸತ್ತಿದ್ದು ಬರೀ ಬಲೆಯಿಂದ ಅಂತ ಹೇಳೋಕಾಗಲ್ಲ. 1870ರ ದಶಕದಲ್ಲಿ ಹವ್ಯಾಸಿ ಗಾಳಗಾರರಿಗೆ ಇನ್ನೂ ಮಜಾ ಸಿಗಲಿ ಅಂತ ಸರೋವರಕ್ಕೆ ಸಾಲ್ಮನ್ ತಂದು ಬಿಟ್ಟರು. ಸಾಲ್ಮನ್ ಚೆನ್ನಾಗಿ ಬೆಳೆಯಿತು, ಚಿಕ್ಕ ಬ್ಲೂಬ್ಯಾಕ್ ಅದಕ್ಕೆ ಊಟ. ಆಮೇಲೆ ಸಾಲ್ಮನ್‌ಗೆ ಮೇವು ಇರಲಿ ಅಂತ ಸ್ಮೆಲ್ಟ್ ಅನ್ನೋ ಪುಟ್ಟ ಮೀನನ್ನೂ ತಂದು ಬಿಟ್ಟರು. 1900ರ ದಶಕ ಶುರುವಾಗಿ ಕೆಲವೇ ವರ್ಷಗಳಲ್ಲಿ ರೇಂಜ್‌ಲಿಯಲ್ಲಿ ಬ್ಲೂಬ್ಯಾಕ್ ಕಾಣದಾಯಿತು. ಸಾವಿರಾರು ವರ್ಷ ಅಲ್ಲಿದ್ದ ಮೀನು, ಸುಮಾರು 30 ವರ್ಷದಲ್ಲಿ ಮಾಯ.

ಗ್ರೇ ಗೋಸ್ಟ್ ಅನುಕರಿಸೋದು ಯಾವ ಮೀನನ್ನ ಗೊತ್ತಾ? ಇದೇ ಸ್ಮೆಲ್ಟನ್ನ. ನಮ್ಮ ಕಾಡುಕೋಳಿಯ ಗರಿ ಆ ಸರೋವರದಲ್ಲಿ ಇನ್ನೊಂದು ಪರದೇಶಿಯ ವೇಷ ಹಾಕಿತ್ತು. ಕ್ಯಾರಿ ಸ್ಟೀವನ್ಸ್ ಅದನ್ನ ಕಟ್ಟೋ ಹೊತ್ತಿಗೆ ಬ್ಲೂಬ್ಯಾಕ್ ಹೋಗಿ ಎರಡು ದಶಕವಾಗಿತ್ತು.

ಗಾಳ ಹಾಕೋರು ಪ್ರಕೃತಿ ಕಾಯೋರು ಅಂತ ಯಾರಾದರೂ ಎದೆ ತಟ್ಟಿಕೊಂಡರೆ ನಾನು ಈ ಕಥೆ ನೆನಪಿಸ್ತೀನಿ. ಕೆಡಿಸಿದ್ದೂ ಅವರೇ. ಹಾಗಂತ ಆ ಕಾಲದಲ್ಲೂ ಬೇರೆ ಥರ ಯೋಚಿಸಿದವರು ಇಲ್ಲದೆ ಇರಲಿಲ್ಲ. ರೇಂಜ್‌ಲಿ ಪಕ್ಕದ ಫಿಲಿಪ್ಸ್ ಅನ್ನೋ ಊರಿನ ಕಾರ್ನೀಲಿಯಾ ಕ್ರಾಸ್ಬಿ, ಎಲ್ಲರೂ ಕರೆಯುತ್ತಿದ್ದುದು 'ಫ್ಲೈ ರಾಡ್' ಕ್ರಾಸ್ಬಿ ಅಂತ. ಗಾಳಗಾರರನ್ನ, ಬೇಟೆಗಾರರನ್ನ ಕರೆದೊಯ್ಯೋ ಗೈಡ್‌ಗಳಿಗೆ ನೋಂದಣಿ ಬೇಕು ಅಂತ 1897ರಲ್ಲಿ ಮೇನ್ ಕಾನೂನು ಮಾಡಿದಾಗ ಮೊದಲ ಲೈಸೆನ್ಸ್ ಸಿಕ್ಕಿದ್ದು ಅವರಿಗೆ. ಹೆಂಗಸರಿಗೆ ಮತದಾನದ ಹಕ್ಕೇ ಇಲ್ಲದ ಕಾಲ ಅದು. ಒಬ್ಬರು ಇಷ್ಟೇ ಮೀನು ಹಿಡಿಯಬೇಕು ಅನ್ನೋ ಮಿತಿ ಇರಲಿ ಅಂತ ಅವರು ಆಗಲೇ ವಾದ ಮಾಡ್ತಿದ್ದರು.

ಬ್ಲೂಬ್ಯಾಕ್ ಪೂರ್ತಿ ಅಳಿದಿಲ್ಲ. ಮೇನ್‌ನ ಕೆಲವೇ ಕೆಲವು ಆಳದ ಕೆರೆಗಳಲ್ಲಿ ಇನ್ನೂ ಇದೆ. (ಇಲ್ಲಿ ಪಾಂಡ್ ಅನ್ನೋದನ್ನ ಕೆರೆ ಅಂತ ಬರೀತಿದ್ದೀನಿ. ನಮ್ಮ ಕೆರೆಗಳ ಹಾಗೆ ಯಾರೂ ಕಟ್ಟಿಸಿದ್ದಲ್ಲ, ಹೆಚ್ಚಿನವು ಹಿಮನದಿ ಕೊರೆದು ಬಿಟ್ಟುಹೋದವು.) ಅದರಲ್ಲಿ ಬಿಗ್ ರೀಡ್ ಅನ್ನೋದು ಒಂದು, ಹಳೇ ಕಾಡಿನ ನಡುವೆ. ಅಲ್ಲಿಗೂ ಯಾರೋ ಕಾನೂನು ಮೀರಿ ಸ್ಮೆಲ್ಟ್ ತಂದು ಬಿಟ್ಟರು. ಬಕೆಟ್ಟಿನಲ್ಲಿ ಉಳಿದ ಮೇವಿನ ಮೀನನ್ನ ಚೆಲ್ಲಿ ಹೋಗೋಕೆ ಎಷ್ಟು ಹೊತ್ತು ಬೇಕು? ಚಾರ್ ಮರಿಗಳು ಬದುಕೋದು ನಿಂತಿತು. ತಜ್ಞರು ಮಾಡಿದ ಕೆಲಸ ಕೇಳಿದರೆ ಎದೆ ಝಲ್ ಅನ್ನುತ್ತೆ. ಉಳಿದಿದ್ದ ಬೆರಳೆಣಿಕೆಯ ಚಾರ್‌ಗಳನ್ನ ಹುಡುಕಿ ಹಿಡಿದು, ಹೊರಗೆ ಮೀನುಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿ, 2010ರ ಶರತ್ಕಾಲದಲ್ಲಿ ಇಡೀ ಕೆರೆಗೆ ಮೀನು ಕೊಲ್ಲೋ ಔಷಧಿ ಹಾಕಿ ಸ್ಮೆಲ್ಟ್ ತೆಗೆದು, 2011ರಲ್ಲಿ ಅದೇ ಕೆರೆಯ ಚಾರ್ ಸಂತತಿಯನ್ನ ವಾಪಸ್ ಬಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಡಕ್ಷನ್ ಸರ್ವರ್ ಪೂರ್ತಿ ಅಳಿಸಿ ಬ್ಯಾಕಪ್‌ನಿಂದ ಎತ್ತಿ ನಿಲ್ಲಿಸಿದ ಹಾಗೆ. ಬ್ಯಾಕಪ್ಪೋ, ಕೈಬೆರಳಲ್ಲಿ ಎಣಿಸೋವಷ್ಟು ಮೀನು.

ಇಂಥದ್ದನ್ನ ಪ್ರತಿ ಕೆರೆಗೂ ಮಾಡೋಕಾಗಲ್ಲ. ಅದಕ್ಕೇ ಮೇನ್ 2005ರಲ್ಲಿ ಒಂದು ಕಾನೂನು ತಂತು. ಯಾವ ಸರೋವರಕ್ಕೆ ಹೊರಗಿನಿಂದ ಮೀನು ಬಿಟ್ಟೇ ಇಲ್ಲವೋ, ಇಲ್ಲಾ 25 ವರ್ಷದಿಂದ ಬಿಟ್ಟಿಲ್ಲವೋ, ಅಲ್ಲಿನ ಬ್ರೂಕ್ ಟ್ರೌಟ್ ರಾಜ್ಯದ ಪಾರಂಪರಿಕ ಮೀನು. ಅಂಥ ನೀರಿಗೆ ಸಾಕಿದ ಮೀನು ಬಿಡೋ ಹಾಗಿಲ್ಲ, ಜೀವಂತ ಮೀನನ್ನ ಮೇವಾಗಿ ಬಳಸೋ ಹಾಗಿಲ್ಲ. ಎರಡು ವರ್ಷ ಬಿಟ್ಟು ಆರ್ಕ್ಟಿಕ್ ಚಾರ್‌ಗೂ ಈ ರಕ್ಷಣೆ ಬಂತು. ಮನುಷ್ಯರ ನೆರವಿಲ್ಲದೆ ತಾನೇ ಸಂತತಿ ನಡೆಸೋ ಬ್ರೂಕ್ ಟ್ರೌಟ್ ಇರೋ ಸರೋವರ, ಕೆರೆಗಳು ಅಮೆರಿಕದ ಪೂರ್ವಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿ ಉಳಿದಿರೋದು ಮೇನ್‌ನಲ್ಲಿ ಮಾತ್ರ. ಅದನ್ನ ಉಳಿಸಿಕೊಳ್ಳೋದು ಈ ಕಾನೂನಿನ ಉದ್ದೇಶ.

ಆದರೆ ಕಾನೂನು ಅನ್ವಯ ಆಗಬೇಕಾದ್ರೆ ಒಳಗೆ ಯಾವ ಮೀನಿದೆ ಅಂತ ಗೊತ್ತಿರಬೇಕಲ್ವಾ? ಮೇನ್‌ನಲ್ಲಿ ಸುಮಾರು 6,000 ಸರೋವರ, ಕೆರೆಗಳಿವೆ. ಎಷ್ಟೋ ಕೆರೆಗಳಿಗೆ ರಸ್ತೆಯಿಲ್ಲ, ಯಾವ ತಜ್ಞರೂ ಕಾಲಿಟ್ಟಿಲ್ಲ. ಹುಲಿಯಾದರೆ ಕ್ಯಾಮೆರಾ ಕಟ್ಟಬಹುದು, ಹಕ್ಕಿಯಾದರೆ ದನಿ ಕೇಳಬಹುದು. ನೀರಿನ ಮೇಲೆ ನಿಂತು ನೋಡಿದರೆ ಕಾಣೋದು ನಮ್ಮದೇ ಮುಖ.

ಇಲ್ಲೇ ಅಮ್ಮನ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಗಟ್ಟಿ ಉತ್ತರ ಇರೋದು. 2011ರಿಂದ ಮೇನ್ ಆಡುಬಾನ್, ಟ್ರೌಟ್ ಅನ್‌ಲಿಮಿಟೆಡ್ ಅನ್ನೋ ಎರಡು ಸಂಸ್ಥೆಗಳು ರಾಜ್ಯದ ಮೀನುಗಾರಿಕೆ ಇಲಾಖೆ ಜೊತೆ ಸೇರಿ ಒಂದು ಕೆಲಸ ಮಾಡುತ್ತಿವೆ. ಹವ್ಯಾಸಿ ಗಾಳಗಾರರಿಗೆ ಇಂಥ ಅನಾಮಧೇಯ ಕೆರೆಗಳ ಪಟ್ಟಿ ಕೊಡ್ತಾರೆ. ಹೋಗಿ, ಗಾಳ ಹಾಕಿ, ಟ್ರೌಟ್ ಸಿಕ್ಕಿತಾ, ಎಷ್ಟು, ಬೇರೇನು ಕಂಡಿತು ಅಂತ ಫಾರಂ ತುಂಬಿ ಕಳಿಸಬೇಕು. ಟ್ರೌಟ್ ಇದೆ ಅಂತ ಸುಳಿವು ಸಿಕ್ಕ ಕೆರೆಗೆ ಇಲಾಖೆಯ ಜೀವಶಾಸ್ತ್ರಜ್ಞರು ಬಲೆ ತಗೊಂಡು ಹೋಗಿ ಖಚಿತ ಮಾಡಿಕೊಳ್ತಾರೆ. ಹೀಗೆ ನೂರಾರು ಕೆರೆಗಳನ್ನ ಜನ ನೋಡಿ ಬಂದಿದ್ದಾರೆ.

ಹೋದ ವರ್ಷ ನಾನೂ ಒಂದು ಕೆರೆಗೆ ಹೋಗಿದ್ದೆ. ಮರ ಸಾಗಿಸೋ ಲಾರಿಗಳ ಮಣ್ಣು ರಸ್ತೆ, ಆಮೇಲೆ ಒಂದೂವರೆ ಗಂಟೆ ನಡಿಗೆ, ಬೆನ್ನ ಮೇಲೆ ಗಾಳಿ ತುಂಬೋ ದೋಣಿ. ಮೊಬೈಲ್ ಸಿಗ್ನಲ್ ಇಲ್ಲ. ದಡದ ಕೆಸರಲ್ಲಿ ಮೂಸ್ ಹೆಜ್ಜೆ, ನಮ್ಮ ಎಮ್ಮೆ ಹೆಜ್ಜೆಗಿಂತ ದೊಡ್ಡದು. ಮೂರು ಗಂಟೆ ದಾರ ಬೀಸಿದೆ. ಒಂದು ಮೀನೂ ಮುಟ್ಟಲಿಲ್ಲ. ಫಾರಂನಲ್ಲಿ ಸೊನ್ನೆ ಬರೆದು ಕಳಿಸಿದೆ. ಸಹೋದ್ಯೋಗಿ ಬೆನ್ನು ತಟ್ಟಿ "ಸೊನ್ನೆನೂ ಡೇಟಾನೇ" ಅಂದ. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ಖಾಲಿ ಲಾಗ್ ಬೇರೆ, ಲಾಗೇ ಇಲ್ಲದಿರೋದು ಬೇರೆ.

ಎರಡನೇ ಉತ್ತರ ದುಡ್ಡಿನದು. 1950ರಲ್ಲಿ ಅಮೆರಿಕದಲ್ಲಿ ಡಿಂಗೆಲ್-ಜಾನ್ಸನ್ ಅನ್ನೋ ಕಾಯಿದೆ ಬಂತು. ಗಾಳದ ಕೋಲು, ರೀಲು, ಕೊಕ್ಕೆ ಮುಂತಾದ ಸಲಕರಣೆ ತಯಾರಿಸೋರ ಮೇಲೆ ಸಾಮಾನ್ಯವಾಗಿ ಶೇ. 10 ತೆರಿಗೆ. ಆ ಹಣ ಸರ್ಕಾರದ ದೊಡ್ಡ ಹುಂಡಿಗೆ ಬಿದ್ದು ಕಳೆದುಹೋಗಲ್ಲ. ಮೀನು, ನೀರಿನ ಸಂರಕ್ಷಣೆಗೆ ಅಂತಲೇ ರಾಜ್ಯಗಳಿಗೆ ಹಂಚಿಕೆ ಆಗುತ್ತೆ. ಹಂಚೋ ಲೆಕ್ಕ ಕುತೂಹಲದ್ದು: ಶೇ. 40 ರಾಜ್ಯದ ವಿಸ್ತೀರ್ಣ ನೋಡಿ, ಶೇ. 60 ಲೈಸೆನ್ಸ್ ಪಡೆದ ಗಾಳಗಾರರ ಸಂಖ್ಯೆ ನೋಡಿ. ಲೈಸೆನ್ಸ್ ಶುಲ್ಕವನ್ನ ರಾಜ್ಯ ಬೇರೆ ಕೆಲಸಕ್ಕೆ ತಿರುಗಿಸಿದರೆ ಈ ಹಣಕ್ಕೇ ಕುತ್ತು. ಅಂದರೆ ನಾನು ಒಂದೂ ಮೀನು ಹಿಡಿಯದೆ ಬರೀ ಲೈಸೆನ್ಸ್ ಮಾಡಿಸಿ ಮನೆಯಲ್ಲಿ ಕೂತರೂ ಮೇನ್ ಲೆಕ್ಕದಲ್ಲಿ ಒಂದು ತಲೆ ಜಾಸ್ತಿ. ಇದರಲ್ಲಿ ಒಂದು ಕೊರತೆಯೂ ಇದೆ. ಗಾಳ ಹಾಕೋರಿಗೆ ಇಷ್ಟವಾದ ಮೀನಿಗೆ ಹೆಚ್ಚು ಗಮನ ಹೋಗುತ್ತೆ, ಯಾರೂ ಹಿಡಿಯದ ಕಪ್ಪೆಚಿಪ್ಪಿಗೋ ಮೃದ್ವಂಗಿಗೋ ಅಷ್ಟು ಕಾಳಜಿ ಸಿಗಲ್ಲ. ಸಾಲ್ಮನ್ ತಂದು ಬಿಟ್ಟಿದ್ದೂ ಇದೇ ಮನಸ್ಸಿನಿಂದ ತಾನೇ.

ಇಷ್ಟಾದರೂ ಮೀನಿಗೆ ನೋವಿಲ್ಲ ಅಂತ ನಾನು ಹೇಳಲ್ಲ. ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ಹುಳು ಚುಚ್ಚಿದ ಗಾಳವನ್ನ ಮೀನು ನುಂಗಿಬಿಡುತ್ತೆ, ಕೊಕ್ಕೆ ಗಂಟಲಿಗಿಳಿದರೆ ಬದುಕೋದು ಕಷ್ಟ. ಗರಿಯ ಕೊಕ್ಕೆ ಸಾಮಾನ್ಯವಾಗಿ ತುಟಿಗೆ ಸಿಕ್ಕುತ್ತೆ, ಹಾಗಾಗಿ ಸಾವು ಕಡಿಮೆ. ಕಡಿಮೆ ಅಷ್ಟೇ, ಸೊನ್ನೆ ಅಲ್ಲ. ಕೊಕ್ಕೆಯ ಹಿಮ್ಮುಳ್ಳನ್ನ ಇಕ್ಕಳದಿಂದ ಅದುಮಿ ಹಾಕಿದರೆ ಬಿಡಿಸೋದು ಒಂದು ಕ್ಷಣದ ಕೆಲಸ. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಸೋಂಕು ತಗಲುತ್ತೆ, ಅದಕ್ಕೆ ಮೊದಲು ಕೈ ಒದ್ದೆ ಮಾಡ್ಕೋಬೇಕು. ನೀರಿಂದ ಮೇಲೆತ್ತಿ ಹತ್ತು ಆಂಗಲ್‌ನಲ್ಲಿ ಫೋಟೋ ತೆಗೆಯೋ ಹೊತ್ತಲ್ಲಿ ಅದು ಉಸಿರು ಕಟ್ಟಿಕೊಂಡಿರುತ್ತೆ. ಜೇಬಲ್ಲಿ ಒಂದು ಥರ್ಮಾಮೀಟರ್ ಇಟ್ಕೊಂಡಿರ್ತೀನಿ, ನೀರು ಬೆಚ್ಚಗಿದ್ದ ದಿನ ಕೋಲು ಮಡಚಿ ಬರೀ ದೋಣಿ ನಡೆಸ್ತೀನಿ. ಸೀಸದ ಗುಂಡು ಇಲ್ಲಿ ಯಾರೂ ಬಳಸಬಾರದು. ಲೂನ್ ಅನ್ನೋ ನೀರುಹಕ್ಕಿ ಅದನ್ನ ಕಲ್ಲು ಅಂದ್ಕೊಂಡು ನುಂಗಿ ವಿಷವೇರಿ ಸಾಯುತ್ತೆ, ಹಾಗಾಗಿ ಚಿಕ್ಕ ಸೀಸದ ಗುಂಡುಗಳ ಮಾರಾಟಕ್ಕೇ ಮೇನ್‌ನಲ್ಲಿ ನಿಷೇಧ. ಅಮ್ಮನ ನ್ಯಾಯದಲ್ಲಿ ಇಷ್ಟೆಲ್ಲ ಮಾಡೋ ಬದಲು ಮೀನಿನ ತಂಟೆಗೇ ಹೋಗದಿರೋದು ಸುಲಭ. ಮೀನಿನ ಕಡೆಯಿಂದ ನೋಡಿದರೆ ಅವಳೇ ಸರಿ ಇರಬಹುದು. ಕೆರೆಯ ಕಡೆಯಿಂದ ನೋಡಿದಾಗ ನನಗೆ ಲೆಕ್ಕ ಬೇರೆ ಕಾಣುತ್ತೆ.

ಯಾಕೆ ಅಂತ ಕೇಳಿದರೆ ನಮ್ಮ ಕಾವೇರಿಯ ಕಥೆ ಹೇಳಬೇಕು.

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಹೆಸರು ಕೇಳಿರ್ತೀರಿ. ಈಗ ವೀಕೆಂಡ್ ರೆಸಾರ್ಟ್ ಅಂತ ಹೋಗಿರಬಹುದು. ಒಂದು ಕಾಲಕ್ಕೆ ಅವು ಮಹಶೀರ್ ಹಿಡಿಯೋ ಕ್ಯಾಂಪ್‌ಗಳು. ದೇಶವಿದೇಶದ ಗಾಳಗಾರರು ಬರುತ್ತಿದ್ದರು, ಹಿಡಿದ ಮೀನನ್ನ ತೂಗಿ ವಾಪಸ್ ಬಿಡೋದು ನಿಯಮ. ಮೊದಲು ಡೈನಮೈಟ್ ಹಾಕಿ ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರು ಅಲ್ಲೇ ಗೈಡ್‌ಗಳಾಗಿ, ಕಾವಲುಗಾರರಾಗಿ ಕೆಲಸಕ್ಕೆ ಸೇರಿದ್ದರು. ಗಾಳಿಬೋರೆಯಲ್ಲಿ ಯಾವತ್ತು, ಎಷ್ಟು ಹೊತ್ತು ಗಾಳ ಹಾಕಿದ್ದು, ಯಾವ ಮೀನು, ಎಷ್ಟು ತೂಕ ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕೋದು ವನ್ಯಜೀವಿ ಕಾಯಿದೆಗೆ ವಿರುದ್ಧ ಅಂತಾಗಿ 2012ರ ಹೊತ್ತಿಗೆ ಅದೆಲ್ಲ ನಿಂತಿತು.

ಆಮೇಲೆ ಸಂಶೋಧಕರು ಆ ಪುಸ್ತಕಗಳನ್ನ ತೆರೆದು ನೋಡಿದರು. 1998ರಿಂದ 2012ರವರೆಗಿನ ದಾಖಲೆ, ಆರು ಸಾವಿರಕ್ಕೂ ಹೆಚ್ಚು ಮಹಶೀರ್. ಒಟ್ಟು ಸಂಖ್ಯೆ ನೋಡಿದರೆ ಖುಷಿ ಪಡಬೇಕು, ಮೀನು ಜಾಸ್ತಿಯಾಗಿತ್ತು. ಆದರೆ ಬಿಡಿಸಿ ನೋಡಿದಾಗ ಜಾಸ್ತಿಯಾಗಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದ್ದಲ್ಲ, ಸಂರಕ್ಷಣೆಯ ಹೆಸರಲ್ಲೇ ಮೊಟ್ಟೆ ಕೇಂದ್ರದಿಂದ ತಂದು ಬಿಟ್ಟದ್ದು. ಕಾವೇರಿಯದ್ದೇ ಆದ, ಬೆನ್ನ ಮೇಲೆ ಡುಬ್ಬ ಇರೋ, ಕಿತ್ತಳೆ ರೆಕ್ಕೆಯ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿತ್ತು. ರೇಂಜ್‌ಲಿ ಸರೋವರದ ಕಥೆ ಗಾಳಿಬೋರೆಯಲ್ಲಿ ಮತ್ತೊಮ್ಮೆ ನಡೆದಿತ್ತು, ಮೀನಿನ ಹೆಸರು ಮಾತ್ರ ಬೇರೆ.

ಆ ಡುಬ್ಬದ ಮೀನಿಗೆ ಆಗ ಒಂದು ಖಚಿತ ವೈಜ್ಞಾನಿಕ ಹೆಸರೂ ಇರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ದೊರೆಗಳು, ಸಾಹೇಬರು ಹಿಡಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಮೀನು ಅದು. ಹೆಸರಿಲ್ಲದ ಮೀನನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸೋಕೂ ಆಗಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿಯೈ ಅಂತ ಗುರುತಾಯಿತು, ಆಮೇಲೆ ಅತಿ ಗಂಭೀರ ಅಪಾಯದಲ್ಲಿರೋ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಹಾಗೆ ಗುರುತು ಹಿಡಿಯೋಕೆ ಮಾದರಿ ಸಿಕ್ಕಿದ್ದು ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ, ಅದೂ ಕಾವೇರಿಗೇ ಸೇರೋ ನೀರು.

ಅಭಯಾರಣ್ಯದಲ್ಲಿ ಮತ್ತೆ ಗಾಳ ಹಾಕೋಕೆ ಬಿಡಬೇಕಾ ಅಂದರೆ ನನ್ನಲ್ಲಿ ಸಿದ್ಧ ಉತ್ತರ ಇಲ್ಲ. ಕಾಡಲ್ಲಿ ಒಬ್ಬರಿಗೆ ಆಟ ಅಂತ ಬಿಟ್ಟರೆ ಇನ್ನೊಬ್ಬರಿಗೆ ಊಟಕ್ಕೆ ಯಾಕೆ ಬಿಡಬಾರದು ಅನ್ನೋದು ನ್ಯಾಯವಾದ ಪ್ರಶ್ನೆ. ನನ್ನ ತಲೆ ತಿನ್ನೋದು ಆ ಪುಸ್ತಕ. ಗಾಳ ನಿಲ್ಲಿಸಿದ ದಿನವೇ ಬರೆಯೋದೂ ನಿಂತಿತು. ಗಾಳ ಇಲ್ಲದೆಯೂ ಬರೆಯೋ ದಾರಿಗಳಿವೆ. ಒಂದು ಲೋಟ ಹೊಳೆ ನೀರಲ್ಲಿರೋ ಡಿಎನ್‌ಎ ಪರೀಕ್ಷೆ ಮಾಡಿ ಯಾವ ಮೀನು ಓಡಾಡಿದೆ ಅಂತ ಈಗ ಹೇಳಬಹುದು. ಆದರೆ ಆ ಲೋಟ ನೀರು ತುಂಬಿಕೊಳ್ಳೋಕೆ ಯಾರಾದರೂ ವರ್ಷ ವರ್ಷ ಹೊಳೆಗೆ ಹೋಗಬೇಕು. ಪುಕ್ಕಟೆ, ಸ್ವಂತ ಖರ್ಚಲ್ಲಿ, ರಜೆ ಹಾಕಿ ಹೋಗೋ ಹುಚ್ಚರು ಮೇನ್‌ನಲ್ಲಿ ಗಾಳಗಾರರು. ನಮ್ಮ ಹೊಳೆಗಳಿಗೆ ಅಂಥವರು ಯಾರು?

ಹಕ್ಕಿ ನೋಡೋರು ಕರ್ನಾಟಕದಲ್ಲಿ ಸಾಕಷ್ಟಿದ್ದಾರೆ, ಭಾನುವಾರ ಬೆಳಗ್ಗೆ ದುರ್ಬೀನು ಹಿಡಿದು ಕೆರೆ ಸುತ್ತಿ ಆ್ಯಪ್‌ನಲ್ಲಿ ಲೆಕ್ಕ ಹಾಕ್ತಾರೆ. ಅದೇ ಕೆರೆಯ ನೀರೊಳಗೆ ಯಾವ ಮೀನಿದೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರೋದು ದಡದಲ್ಲಿ ಬಲೆ ಬಿಡಿಸ್ತಾ ಕೂತವರಿಗೆ, ಅವರನ್ನ ಯಾರೂ ಕೇಳಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಜ್ಜನೋ ದೊಡ್ಡಪ್ಪನೋ ಕಾವೇರಿ, ಕಬಿನಿ, ಹೇಮಾವತಿ ದಡದಲ್ಲಿ ದೊಡ್ಡ ಮೀನಿನ ಜೊತೆ ನಿಂತ ಹಳೇ ಫೋಟೋ ಮನೆಯಲ್ಲಿದ್ದರೆ ಎಸೆಯಬೇಡಿ. ಕಪ್ಪುಬಿಳುಪು ಆದರೂ ಪರವಾಗಿಲ್ಲ, ಬೆನ್ನಿನ ಡುಬ್ಬ ಕಾಣುತ್ತೆ. ಯಾವ ಊರು, ಯಾವ ಇಸವಿ ಅಂತ ಮನೆಯ ಹಿರಿಯರನ್ನ ಈಗಲೇ ಕೇಳಿ, ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ ಬೇಡ, ಶಾಯಿ ಈಚೆ ಕಡೆಗೆ ಇಳಿಯುತ್ತೆ.